ಸ್ಟ್ಯಾಂಡಿನಲ್ಲಿ ಉಳಿದ ಚಪ್ಪಲಿ

ಇವತ್ತು ಬೆಳಿಗ್ಗೆ ಸೀದ ಕಾಯಿತುರಿಯ ವಾಸನೆ ಬಂತು. ಗುಬ್ಬಿಯ ನಿಟ್ಟೂರು ರಸ್ತೆಯಲ್ಲಿರುವ ನಮ್ಮ ಕೊಬ್ಬರಿಪುಡಿ ಫ್ಯಾಕ್ಟರಿಯಲ್ಲಿ ತುರಿ ಒಣಗಿಸುವ ಡ್ರೈಯರ್ ಪಕ್ಕ ನಿಂತಿದ್ದೆ. ಇಲ್ಲಿ ಕೆಲಸ ಮಾಡುವ ಹೆಂಗಸರಿಗೆ ನಾನು ಇನ್‌ಚಾರ್ಜ್ ಆಗಿ ಇನ್ನೂ ತಿಂಗಳು ತುಂಬಿಲ್ಲ. ಆ ವಾಸನೆಗೆ ನೆನಪಾದವರು, ನನಗಿಂತ ಮುಂಚೆ ಇನ್‌ಚಾರ್ಜ್ ಆಗಿದ್ದ ಅಕ್ಕ...

ಕುಣಿಗಲ್ ಕಡೆಯವರು, ಗುಬ್ಬಿಗೆ ಸೊಸೆಯಾಗಿ ಬಂದಿದ್ದರು. ಅವರ ಗಂಟಲು ಕೇಳಿದರೆ ನನಗೆ ನಡುಕ. ತಿನ್ನುವ ಪದಾರ್ಥ ಮಾಡುವ ಜಾಗವಲ್ಲವೇ, ನಾವೆಲ್ಲ ಚಪ್ಪಲಿಯನ್ನು ಬಾಗಿಲಾಚೆಯ ಸ್ಟ್ಯಾಂಡಿನಲ್ಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದೆವು. ಸಂಜೆ ಆ ಸ್ಟ್ಯಾಂಡ್ ಖಾಲಿಯಾಗುವವರೆಗೂ ಅಕ್ಕ ಮನೆಗೆ ಹೊರಡುತ್ತಿರಲಿಲ್ಲ. ಚಪ್ಪಲಿ ಕಾಯೋ ಇನ್‌ಚಾರ್ಜ್ ಅಂತ ನಾವು ಹಿಂದಿನಿಂದ ನಗುತ್ತಿದ್ದೆವು.

ಒಂದು ಮಧ್ಯಾಹ್ನ ಡ್ರೈಯರ್‌ಗೆ ಬೆಂಕಿ ಹತ್ತಿತು. ನಾನು ಖಾಲಿ ಚೀಲ ತರಲು ಹಿಂದಿನ ಗೋಡೌನಿಗೆ ಹೋಗಿದ್ದೆ. ತಿರುಗಿ ನೋಡಿದರೆ ಹೊಗೆ, ಬಾಗಿಲು ಎಲ್ಲಿದೆ ಅಂತಲೇ ಕಾಣಲಿಲ್ಲ. ಕೂಗಲು ಬಾಯಿ ತೆರೆದರೆ ಬರೀ ಕೆಮ್ಮು. ಮುಗೀತು ನನ್ನ ಕಥೆ, ಮಗಳು ಸ್ಕೂಲಿಂದ ಬಂದು ಯಾರನ್ನು ಕೇಳುತ್ತಾಳೆ... ಅಂದುಕೊಂಡು ಮೂಲೆಯಲ್ಲಿ ಕುಕ್ಕರಿಸಿಬಿಟ್ಟೆ. ಅಷ್ಟರಲ್ಲಿ ಯಾರೋ ಜಡೆ ಹಿಡಿದು ಎಳೆದರು.

"ಏಳೇ! ಸಾಯೋಕ್ ಬಂದಿದೀಯೇನೇ ಇಲ್ಲಿ?"

ಅಕ್ಕ! ದರದರ ಎಳೆದುಕೊಂಡು ಬಂದು ಅಂಗಳಕ್ಕೆ ಹಾಕಿದರು. ಉಸಿರು ಬಂದ ಮೇಲೆ, ನಾನು ಒಳಗಿದ್ದದ್ದು ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ಹೊರಗ್ ಬಂದ್ಮೇಲೆ ಎಲ್ರಿಗೂ ಚಪ್ಪಲಿ ಹಾಕ್ಕೊಳ್ರೇ ಅಂದೆ. ನಿಂದೊಂದ್ ಜೊತೆ ಉಳೀತು ಕಣೇ."

ಅವರ ಕೈ ಗಡಗಡ ನಡುಗುತ್ತಿತ್ತು. ಸೆರಗಿನೊಳಗೆ ಮುಚ್ಚಿಟ್ಟುಕೊಂಡರೂ ಕಾಣುತ್ತಿತ್ತು.

"ನಿಮ್ಗೂ ಭಯಾನಾ ಅಕ್ಕಾ?"

"ಮತ್ತಿನ್ನೇನು? ದಿನಾನೂ ಭಯಾನೇ. ಇಲ್ದಿದ್ರೆ ನಿಮ್ ಚಪ್ಪಲಿ ಕಾಯೋ ಕರ್ಮ ನಂಗ್ಯಾಕೆ?"

ಹೋದ ವರ್ಷ ಅಕ್ಕ ಕುಣಿಗಲ್ಲಿನ ತವರಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಅಲ್ಲಿಂದ ಖಾಲಿಯೇ ಇದ್ದ ಅವರ ಜಾಗಕ್ಕೆ ನನ್ನನ್ನು ಹಾಕುವ ಮುಂಚೆ ತುಮಕೂರಿನ ಶಿರಾ ಗೇಟ್ ಹತ್ತಿರ ಲೀಡರ್‌ಶಿಪ್ ಟ್ರೈನಿಂಗಿಗೆ ಕಳಿಸಿದ್ದರು. ಎ.ಸಿ. ಹಾಲ್, ಎರಡು ಸಲ ಕಾಫಿ. ಲೀಡರ್ ಆದವರು ಭಯ ತೋರಿಸಬಾರದು ಅಂತ ಟೈ ಕಟ್ಟಿದ್ದ ಸಾರ್ ಹೇಳಿದರು. ನಾನೂ ತಲೆಯಾಡಿಸಿ ಬಂದೆ. ತಲೆಯಾಡಿಸೋಕೇನು ಕಷ್ಟ!

ಇವತ್ತು ವಾಸನೆ ಬಂದಾಗ ಮ್ಯಾನೇಜರ್‌ಗೆ ಹೇಳಿದೆ. ಲಾರಿ ಕಾಯ್ತಿದೆ, ನಡೀಲಿ ಬಿಡಮ್ಮ ಅಂದರು. ಡ್ರೈಯರ್ ಆಫ್ ಮಾಡಿಸಿ ಕೆಲಸ ಹೋದರೆ? ಆಫ್ ಮಾಡಿಸದೆ ಯಾರಿಗಾದರೂ ಏನಾದರೂ ಆದರೆ?

"ಸಾರ್, ನಂಗ್ ಭಯ ಆಗ್ತಿದೆ. ಆಫ್ ಮಾಡಿಸ್ತೀನಿ" ಅಂದೆ. ಅವರ ಉತ್ತರಕ್ಕೆ ಕಾಯಲಿಲ್ಲ.

ಡ್ರೈಯರ್ ಆಫ್ ಮಾಡಿಸಿ, ಎಲ್ಲರನ್ನೂ ಹೊರಗೆ ಅಟ್ಟಿ ಕೊನೆಯಲ್ಲಿ ನಾನು ಬಂದೆ. ಡ್ರೈಯರ್ ತೆರೆದ ಮೆಕ್ಯಾನಿಕ್, ಒಳಗೆ ತುರಿ ಸಿಕ್ಕಿಕೊಂಡು ಕರ್ರಗಾಗಿದೆ, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಹೊತ್ತಿಕೊಳ್ಳುತ್ತಿತ್ತು ಅಂದ. ಮ್ಯಾನೇಜರ್ ಲಾರಿಯವನಿಗೆ ತಡವಾಗುತ್ತೆ ಅಂತ ಹೇಳಲು ಹೋದರು. ನಾನು ಹೆಂಗಸರಿಗೆಲ್ಲ ಚಪ್ಪಲಿ ಹಾಕಿಕೊಳ್ಳಲು ಹೇಳಿದೆ. ಹಾಕಿಕೊಂಡರು. ಸ್ಟ್ಯಾಂಡಿನಲ್ಲಿ ಒಂದು ಜೊತೆ ಉಳಿಯಿತು.

"ಯಾರ್ದ್ರೇ ಇದು? ಯಾರೇ ಒಳಗಿರೋದು?" ಅಂತ ಕಿರುಚುತ್ತಾ ಬಾಗಿಲಿಗೆ ಓಡಿದೆ.

"ಅಯ್ಯೋ ಅಕ್ಕಾ, ಅದು ನಿಮ್ದೇ!"

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ... ಆಗಲಿಲ್ಲ. ಬಗ್ಗಿ ಚಪ್ಪಲಿ ಹಾಕಿಕೊಂಡೆ. ಇನ್ನು ಮೇಲೆ ಎಲ್ಲರ ಚಪ್ಪಲಿ ಕಾಯಬೇಕಾದವಳು ನಾನೇ. ನನ್ನದು ಉಳಿದರೆ ಜಡೆ ಹಿಡಿದು ಎಳೆದು ತರಲು ಅಕ್ಕ ಇಲ್ಲ.