ಅಜ್ಜಿಗೆ ಹೇಳದ ಗೋಡೆ

ಕಳೆದ ವಾರ ನಮ್ಮ ಮನೆಯ ಗೇಟಿನ ಕೀಲು ಮುರಿಯಿತು. ಅದನ್ನು ಹಿಡಿದುಕೊಂಡು ಲೇತ್ ಅಂಗಡಿಯೊಂದಕ್ಕೆ ಹೋಗಿದ್ದೆ. ತಿರುಗುವ ಕಬ್ಬಿಣದ ಮೇಲೆ ಹಾಲಿನಂಥ ಎಣ್ಣೆನೀರು ಸುರಿಯುತ್ತಿತ್ತು. ಕಾದ ಕಬ್ಬಿಣ, ಎಣ್ಣೆ, ಸ್ವಲ್ಪ ಸೀದ ಕಮಟು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತುಂಬಿಬಂತು. ಕಿಡಿ ಹಾರಿತೇನೋ ಎಂದು ಅಂಗಡಿಯವನು ಗಾಬರಿಯಾಗಿ ಸ್ಟೂಲು ಎಳೆದು ಕೂರಿಸಿದ. ಏನಿಲ್ಲಪ್ಪ, ನಮ್ಮ ತಾತನ ನೆನಪಾಯಿತು ಎಂದೆ. ಅವರೂ ಲೇತ್ ಕೆಲಸದವರಾ ಎಂದು ಕೇಳಿದ.

ಅಲ್ಲ. ತಾತ ಯಂತ್ರ ಮುಟ್ಟಿದವನೇ ಅಲ್ಲ. ಪೀಣ್ಯದ ಹಿಂಭಾಗದಲ್ಲಿ, ಊರಿನಿಂದ ಒಂದು ಕೂಗಳತೆ ದೂರದ ಹೊಲದ ಮನೆಯಲ್ಲಿ ಹುಟ್ಟಿ, ರಾಗಿ, ಅವರೆ, ಹುಚ್ಚೆಳ್ಳು ಬೆಳೆದುಕೊಂಡು, ಎತ್ತಿನ ಗಾಡಿಯಲ್ಲಿ ಅವರೆಕಾಯಿ ಮೂಟೆ ಹೇರಿಕೊಂಡು ಯಶವಂತಪುರಕ್ಕೆ ಹೋಗಿಬರುತ್ತಿದ್ದವನು. ಆ ವಾಸನೆ ಅವನ ಮೈಯದಲ್ಲ. ಗೋಡೆ ದಾಟಿ ಅವನ ಮನೆಯೊಳಗೆ ಬರುತ್ತಿದ್ದದ್ದು.

ನನ್ನನ್ನು ಆ ಮನೆಗೆ ಬಿಟ್ಟಾಗ ನನಗೆ ಹತ್ತು ವರ್ಷ. ಎಪ್ಪತ್ತರ ದಶಕದ ನಡುವಿನ ಕಾಲ. ತಾತನ ಒಬ್ಬನೇ ಮಗನಾದ ನನ್ನ ಅಪ್ಪ ಮಾಕಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಹಿಡಿದು ಅಲ್ಲೇ ಎರಡು ಕೋಣೆಯ ಮನೆ ಮಾಡಿಕೊಂಡಿದ್ದ. ಅಜ್ಜಿಗೆ ಮೊದಲಿಂದಲೂ ಮಂಜಾಗಿದ್ದ ಕಣ್ಣು ಆ ವರ್ಷ ಪೂರ್ತಿ ಹೋಯಿತು. ಮೂವರು ಹೆಣ್ಣುಮಕ್ಕಳಲ್ಲಿ ದೊಡ್ಡವಳಾದ ನಾನು ಅವಳ ಜೊತೆಗಿರಲಿ ಎಂದು ಅಪ್ಪ ತೀರ್ಮಾನ ಮಾಡಿದ. ಯಾರೂ ನನ್ನನ್ನು ಕೇಳಲಿಲ್ಲ. ಆಗ ಕೇಳುವ ಪದ್ಧತಿಯೂ ಇರಲಿಲ್ಲ.

ಅಷ್ಟರಲ್ಲಾಗಲೇ ಹೊಲವೆಲ್ಲ ಕೈಗಾರಿಕೆಗೆಂದು ಸರ್ಕಾರದ ಪಾಲಾಗಿತ್ತು. ಉಳಿದದ್ದು ಮನೆ, ಹಿತ್ತಿಲ ಬಾವಿ, ಸುತ್ತ ಹತ್ತಿಪ್ಪತ್ತು ಹೆಜ್ಜೆ ಜಾಗ. ನಾನು ಹೋದ ವರ್ಷ ಪಡುವಣ ಕಡೆ ಒಂದು ಲೇತ್ ಕಾರ್ಖಾನೆಯ ಕಾಂಪೌಂಡು ಎದ್ದಿತು. ಎರಡು ವರ್ಷಕ್ಕೆ ಬಡಗಣ ಕಡೆ ಇನ್ನೊಂದು, ಆಮೇಲೆ ಹಿತ್ತಿಲ ಹಿಂದೆ. ಕೊನೆಗೆ ಮುಂಬಾಗಿಲ ಎದುರಿಗೇ ಕಬ್ಬಿಣಕ್ಕೆ ಹೊಳಪು ಕೊಡುವ ಕಾರ್ಖಾನೆಯ ಷೆಡ್ಡು ಬಂತು. ನಮಗೆ ಉಳಿದ ದಾರಿ ಎರಡು ಗೋಡೆಗಳ ನಡುವಿನ ಒಂದು ಸಂದಿ. ಸ್ಕೂಲಿನ ಚೀಲ ಬೆನ್ನಿಗೆ ಹಾಕಿಕೊಂಡು ನಡೆದರೆ ಎರಡೂ ಮೊಣಕೈಗೆ ಸಿಮೆಂಟು ತರಚುತ್ತಿತ್ತು. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಬಾವಿಯ ತಳದಿಂದ ನೋಡಿದ ಹಾಗೆ ಆಕಾಶ ಕಾಣುತ್ತಿತ್ತು. ನಮ್ಮ ಮನೆಗೆ ಬಿಸಿಲು ಮಧ್ಯಾಹ್ನ ಒಂದು ಗಳಿಗೆ ಬಂದು ಹೋಗುತ್ತಿತ್ತು, ಅಷ್ಟೆ.

ಊರಿನವರೆಲ್ಲ ಬೇರೆ ಕಡೆ ಸೈಟು ತೆಗೆದುಕೊಂಡು ಹೊರಟರು. ಷೆಡ್ಡಿನವರು ತಾತನಿಗೂ ಮಾಕಳಿಯಲ್ಲಿ ಜಾಗ ಕೊಡುತ್ತೇವೆಂದು ಎರಡು ಮೂರು ಸಲ ಹೇಳಿ ಕಳಿಸಿದರು. ಅಪ್ಪ ಬಂದು ಕೂಗಾಡಿ ಹೋದ. ತಾತ ಎಲ್ಲಕ್ಕೂ ಒಂದೇ ರೀತಿ ತಲೆ ಅಲ್ಲಾಡಿಸುತ್ತಿದ್ದ. ಮುದುಕನಿಗೆ ಮಣ್ಣಿನ ವ್ಯಾಮೋಹ ಎಂದು ಊರು ಆಡಿಕೊಂಡಿತು.

ಕಾರಣ ನನಗೆ ಗೊತ್ತಿತ್ತು. ಮೊದಲನೇ ಗೋಡೆ ಎದೆಮಟ್ಟ ಎದ್ದ ದಿನ ತಾತ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ಕೂರಿಸಿಕೊಂಡು ಹೇಳಿದ್ದ.

"ನಿಮ್ಮಜ್ಜಿಗೆ ಗ್ವಾಡೆ ಇಸ್ಯ ಯೋಳ್ಬ್ಯಾಡ ಮಗಾ. ಈ ಮನೆ ಒಳಗೆ ಅವಳು ಕಣ್ಣಿರೋರಂಗೇ ಓಡಾಡ್ತಾಳೆ. ಒಲ ಓಯ್ತು ಅಂತ ತಿಳಿದ್ರೆ ಇಲ್ಯಾಕಿರ್ಬೇಕು, ನಡಿ ಅಂತಾಳೆ. ಇನ್ನೊಂದು ಮನೆಗೋದ್ರೆ ಅವಳು ಗ್ವಾಡೆ ತಡವ್ಕಂಡು ಸಾಯ್ಬೇಕಾಯ್ತದೆ."

ನಿಜ. ಆ ಮನೆಯಲ್ಲಿ ಅಜ್ಜಿ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಒಲೆಯಿಂದ ಹಿತ್ತಿಲ ಬಾಗಿಲಿಗೆ ಎಷ್ಟು ಹೆಜ್ಜೆ, ಎಲ್ಲಿ ತಗ್ಗಬೇಕು, ಎಲ್ಲಿ ಕಾಲೆತ್ತಬೇಕು, ಎಲ್ಲವೂ ಅವಳ ಮೈಗೆ ಗೊತ್ತಿತ್ತು. ಹದಿಮೂರಕ್ಕೆ ಮದುವೆಯಾಗಿ ಬಂದವಳು. ಅಲ್ಲಿಂದ ಈಚೆಗೆ ಬೇರೆ ಮನೆಯನ್ನೇ ಕಂಡವಳಲ್ಲ. ಮುದ್ದೆ ಕೂಡ ತಾನೇ ತೊಳಸುತ್ತಿದ್ದಳು. ತಾತ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಸೆರಗು ಒಲೆಗೆ ತಾಗದ ಹಾಗೆ ಕಣ್ಣಿಟ್ಟಿರುತ್ತಿದ್ದ. ಅವಳಿಗೆ ತಲೆ ಬಾಚುತ್ತಿದ್ದವನೂ ಅವನೇ. ನಾನು ಬಾಚುತ್ತೇನೆಂದರೆ, ನಿನ್ನ ಕೈ ಬಿರುಸು ಅನ್ನುತ್ತಿದ್ದ.

ದಿನಾ ಬೆಳಿಗ್ಗೆ ತಾತ ಕುಡುಗೋಲು ತೆಗೆದುಕೊಂಡು, ಒಲದ ಕಡೆ ಓಗ್ಬತ್ತೀನಿ ಎಂದು ಹೇಳಿ ಸಂದಿಯಲ್ಲಿ ಹೊರಡುತ್ತಿದ್ದ. ಅವರೆ ಕಾಲದಲ್ಲಿ, ಇನ್ನೂ ಹೊಲ ಉಳಿದಿದ್ದ ಪಕ್ಕದ ಊರಿನಲ್ಲಿ ಯಾರದೋ ಅವರೆ ಸಾಲಿನಲ್ಲಿ ಕೂಲಿಯವರ ಜೊತೆ ಬಗ್ಗಿ, ಬರುವಾಗ ಟವೆಲ್ಲಿನ ತುಂಬ ಕಾಯಿ ತರುತ್ತಿದ್ದ. ಇಬ್ಬನಿ ಆರದ ಕಾಯನ್ನು ಅಜ್ಜಿಯ ಅಂಗೈಗೆ ಉಜ್ಜಿದರೆ ಸೊಗಡು ಘಮ್ಮೆನ್ನುತ್ತಿತ್ತು. ಈ ಸಲ ಸಂದಾಗೈತೆ ಎನ್ನುತ್ತಿದ್ದಳು ಅಜ್ಜಿ. ಪಡುವಣದ ನೇರಳೆ ಮರ ಗೋಡೆಯವರ ಪಾಲಾಗಿ, ಕಡಿದೂ ಆಗಿತ್ತು. ಆದರೂ ಪ್ರತಿ ಆಷಾಢಕ್ಕೆ ತಾತ ಯಶವಂತಪುರದಿಂದ ನೇರಳೆ ಹಣ್ಣು ಕೊಂಡುತಂದು, ಮರದಡಿಯಿಂದ ಆಯ್ದದ್ದೆಂದು ತೋರಲು ಒಂದಿಷ್ಟು ಮಣ್ಣು ಸವರಿ ಅವಳ ಮಡಿಲಿಗೆ ಹಾಕುತ್ತಿದ್ದ. ನಾನು ಎದುರಿಗೇ ಕೂತು ಸುಮ್ಮನಿರುತ್ತಿದ್ದೆ. ಮೆಷಿನಿನ ಸದ್ದು ಎಲ್ಲಿಂದ ಎಂದು ಅಜ್ಜಿ ಕೇಳಿದರೆ, ರಸ್ತೆ ಆಚೆ ಎಂದು ನಾನೂ ಸುಳ್ಳು ಹೇಳುತ್ತಿದ್ದೆ.

ಹೀಗೆ ಏಳು ವರ್ಷ.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾನು ಒಂದು ವರ್ಷ ಮನೆಯಲ್ಲೇ ಇದ್ದೆ. ಆಮೇಲೆ, ನಮ್ಮ ಮೇಷ್ಟ್ರು ತುಂಬಿಸಿದ್ದ ಅರ್ಜಿಗೆ ತುಮಕೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಬಂತು. ಹಾಸ್ಟೆಲ್ಲೂ ಸಿಗುತ್ತಿತ್ತು. ಕಾಗದ ಬಂದ ದಿನ ಅಪ್ಪನೂ ಬಂದಿದ್ದ. ಅವನು ಅದನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡು, ಇವಳು ಹೋದರೆ ಅಮ್ಮನನ್ನು ನೋಡುವವರು ಯಾರು ಎಂದ. ನಾನು ತಾತನ ಮುಖ ನೋಡಿದೆ. ತಾತ ನೆಲ ನೋಡುತ್ತಿದ್ದ.

ಅವತ್ತು ನಾನು ತಾತನನ್ನು ದ್ವೇಷಿಸಿದೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಸುಳ್ಳಲ್ಲ. ಇವರಿಬ್ಬರೂ ಬದುಕಿರುವ ತನಕ ನಾನು ಈ ಸಂದಿಯಲ್ಲೇ ಹೋಗಿ ಬಂದು ಮಾಡಬೇಕು ಎಂದು ಲೆಕ್ಕ ಹಾಕಿದೆ. ಆಮೇಲೆ ಹಾಗೆ ಲೆಕ್ಕ ಹಾಕಿದ್ದಕ್ಕೆ ನಾಚಿ, ಬಾವಿಕಟ್ಟೆಯ ಹಿಂದೆ ಕೂತು ಅತ್ತೆ...

ಅದಾದ ಹತ್ತು ದಿನಕ್ಕೆ ಒಂದು ಅನಾಹುತ ನಡೆಯಿತು. ಮಧ್ಯಾಹ್ನ ಊಟ ಮುಗಿಸಿ ಅಜ್ಜಿ ಮಲಗಿದ್ದಳು. ಎದುರಿನ ಷೆಡ್ಡಿನಲ್ಲಿ ಆಸಿಡ್ ತುಂಬಿದ ಡ್ರಮ್ಮೊಂದು ಉರುಳಿತೆಂದು ಆಮೇಲೆ ತಿಳಿಯಿತು. ಹಳದಿ ಹೊಗೆ ಗೋಡೆಯ ಮೇಲಿಂದ ಉಕ್ಕಿ ನಮ್ಮ ಅಂಗಳಕ್ಕೆ ಇಳಿಯಿತು. ಗಾಳಿಯಾಡದ ಜಾಗ, ಹೊಗೆ ಇಳಿದದ್ದು ಅಲ್ಲೇ ನಿಂತಿತು. ಗಂಟಲಿಗೆ ಬೆಂಕಿ ಬಿದ್ದ ಹಾಗಾಯಿತು. ನಾನು ಸಂದಿಯ ಕಡೆ ಓಡಿದೆ. ನಾವು ಊಟಕ್ಕೆ ಕೂತಿದ್ದಾಗ ಲಾರಿಯವರು ಸಂದಿಯ ಬಾಯಿಗೆ ಕಬ್ಬಿಣದ ಪೈಪುಗಳನ್ನು ಇಳಿಸಿ ಹೋಗಿದ್ದರು, ನನ್ನ ತಲೆಯೆತ್ತರ. ಹಿಂದಕ್ಕೆ ಬಂದೆ. ಎಪ್ಪತ್ತೈದು ದಾಟಿದ ತಾತ ಅಜ್ಜಿಯನ್ನು ಹಿತ್ತಿಲಿಗೆ ಎಳೆದು ತಂದು, ಅವಳ ಮುಖಕ್ಕೆ ಒದ್ದೆ ಪಂಚೆ ಮುಚ್ಚಿ, ಹಾರೆ ತೆಗೆದುಕೊಂಡು ಹಿಂದಿನ ಗೋಡೆಗೆ ಹೊಡೆಯತೊಡಗಿದ್ದ. ನಾನು ಪಕ್ಕದಲ್ಲಿ ನಿಂತು ಕೂಗಿದೆ. ಗೋಡೆಯ ಆಚೆಯ ಕೆಲಸಗಾರರಿಗೆ ಸದ್ದು ಕೇಳಿಸಿತು. ಅವರೂ ಆಚೆಯಿಂದ ಹೊಡೆದರು. ಇಟ್ಟಿಗೆ ಒಂದೊಂದಾಗಿ ಬಿದ್ದು, ಮಂಡಿಯೆತ್ತರಕ್ಕೆ ಒಬ್ಬರು ನುಸುಳುವಷ್ಟು ಕಿಂಡಿಯಾಯಿತು. ಮೊದಲು ಅಜ್ಜಿಯನ್ನು ದಾಟಿಸಿದೆವು. ತಾತ ಕೊನೆಗೆ ಬಂದ. ಅವನ ಎರಡೂ ಅಂಗೈ ಕಿತ್ತುಹೋಗಿತ್ತು.

ಆಚೆ ಬಯಲಿನಲ್ಲಿ ಒಂದು ಹೊಂಗೆ ಮರದ ಕೆಳಗೆ ಕೂರಿಸಿ ನೀರು ಕೊಟ್ಟರು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ತಾತ ಅಜ್ಜಿಯ ಪಕ್ಕ ಕೂತು, ಏನೂ ಆಗಿಲ್ಲ, ಯಾರೋ ಹೊಲದಲ್ಲಿ ಕಸಕ್ಕೆ ಬೆಂಕಿ ಇಟ್ಟಿದ್ದರು ಎಂದು ಶುರುಮಾಡಿದ. ಅಜ್ಜಿ ಅವನ ತೊಡೆಯ ಮೇಲೆ ಕೈಯಿಟ್ಟು ತಡೆದಳು.

"ಸಾಕು ಬುಡಿ. ನಂಗೇನ್ ಗೊತ್ತಿಲ್ವಾ? ಪಡುವಲ ಗಾಳಿ ಮನೆಗೆ ಬರೋದು ನಿಂತು ಏಳು ವರ್ಸ ಆಯ್ತು."

ತಾತ ಅವಳ ಕಡೆ ತಿರುಗಿದ.

"ಗೊತ್ತಿದ್ದು ಯಾಕ್ ಸುಮ್ಕಿದ್ದೆ?" ಎಂದು ಕೇಳಿದ.

"ದಿನಾ ಒಲಕ್ಕೋಗ್ತೀನಿ ಅಂತ ಓಗ್ತಿದ್ರಿ. ಅದೂ ಇಲ್ಲ ಅಂದ್ರೆ ನೀವು ಬದುಕಲ್ಲ ಅಂದ್ಕಂಡೆ."

ಸುತ್ತ ನಿಂತಿದ್ದ ಕೆಲಸಗಾರರಲ್ಲಿ ಒಬ್ಬ ಮುಖ ಆಚೆ ತಿರುಗಿಸಿದ. ಅವಳಿಗಾಗಿ ಅವನು, ಅವನಿಗಾಗಿ ಅವಳು ಆ ಗೂಡಿನೊಳಗೆ ಉಸಿರು ಬಿಗಿಹಿಡಿದು ಕೂತಿದ್ದರು. ಈಗ ಯೋಚಿಸಿದರೆ ಅಂಥ ಪ್ರೀತಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆದರೆ ಅವತ್ತು ನನಗೆ ಹದಿನೇಳು ವರ್ಷ. ಗಂಟಲು ಉರಿಯುತ್ತಿತ್ತು.

"ಅಂಗಾದ್ರೆ ಇಷ್ಟ್ ವರ್ಷ ನಾನ್ ಯಾರಿಗೋಸ್ಕರ ಇದ್ದೆ ಇಲ್ಲಿ?" ಎಂದುಬಿಟ್ಟೆ.

ತಾತ ನನ್ನನ್ನು ನೋಡಿದ ನೋಟ... ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆ ಸಂಜೆಯೇ ಯಾರದೋ ಟೆಂಪೊದಲ್ಲಿ ಮಾಕಳಿಗೆ ಬಂದೆವು. ಮಾರನೇ ದಿನ ತಾತ, ಅಂಗೈಗೆ ಬಟ್ಟೆ ಸುತ್ತಿಕೊಂಡೇ, ಅಪ್ಪ ಜೇಬಿಗಿಟ್ಟುಕೊಂಡಿದ್ದ ಸೀಟಿನ ಕಾಗದ ಈಚೆ ತೆಗೆಸಿದ. ಮಗನ ಮೇಲೆ ಅವನು ಎಂದೂ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ, ಅವತ್ತೂ ಎತ್ತಲಿಲ್ಲ. ಇವಳನ್ನು ನಾನು ಸೇರಿಸಿಬರುತ್ತೇನೆ, ನಿಮ್ಮಮ್ಮನಿಗೆ ನಾನಿದ್ದೇನೆ ಎಂದಷ್ಟೇ ಹೇಳಿ ಮೇಲುಹೊದಿಕೆ ಹೆಗಲಿಗೆ ಹಾಕಿಕೊಂಡ. ತುಮಕೂರಿನ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಹಾಸ್ಟೆಲ್ಲಿನ ಬಾಗಿಲಲ್ಲಿ ನನ್ನ ತಲೆಯ ಮೇಲೆ ಆ ಬಟ್ಟೆ ಸುತ್ತಿದ ಕೈಯಿಟ್ಟ. ತಪ್ಪಾಯಿತು ತಾತ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅನ್ನಲಿಲ್ಲ. ಅವನು ತಿರುಗಿ ನೋಡದೆ ಹೋದ.

ಮಾಕಳಿಯ ಮನೆಯಲ್ಲಿ ತಾತ ಹೆದರಿದ್ದ ಹಾಗೇ ಆಯಿತು. ಅಜ್ಜಿ ಹೊಸಲು ಎಡವಿದಳು, ಗೋಡೆಗೆ ಹಣೆ ಬಡಿಸಿಕೊಂಡಳು. ತಾತ ಬೆಳಿಗ್ಗೆ ಸಂಜೆ ಅವಳ ಕೈ ಹಿಡಿದು, ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಬಾಗಿಲಿಗೆ, ಹೆಜ್ಜೆ ಎಣಿಸುತ್ತ ನಡೆಸುತ್ತಿದ್ದನಂತೆ. ಒಂದೂ, ಎರಡೂ ಎಂದು ಇಬ್ಬರೂ ಜೋರಾಗಿ ಹೇಳುವುದನ್ನು ಕೇಳಿ ನನ್ನ ತಂಗಿಯರು ನಗುತ್ತಿದ್ದರಂತೆ. ಆರು ತಿಂಗಳಿಗೆ ಅವಳು ಕೈ ಬಿಡಿಸಿಕೊಂಡು ಒಬ್ಬಳೇ ನಡೆದಳು. ಆದರೂ ಅವನ ದನಿ ಸ್ವಲ್ಪ ಹೊತ್ತು ಕೇಳದಿದ್ದರೆ ಅವಳಿಗೆ ಗಾಬರಿ. ಹಾಗಾಗಿ ತಾತ ಆ ಎರಡು ಕೋಣೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಎಕರೆಗಟ್ಟಲೆ ಹೊಲದಲ್ಲಿ ನಡೆದ ಕಾಲು ಮಂಚದ ಪಕ್ಕದ ಒಂದು ಚಾಪೆಗೆ ಬಂದು ನಿಂತಿತು. ರಜೆಗೆ ಬಂದಾಗ ನಾನು, ಬಾ ತಾತ, ರಸ್ತೆವರೆಗೆ ಹೋಗಿಬರೋಣ ಎನ್ನುತ್ತಿದ್ದೆ. ನೀನೋಗ್ಬಾ ಮಗಾ ಎನ್ನುತ್ತಿದ್ದ.

ನನಗೆ ನೆಲಮಂಗಲದ ಆಚೆ ಒಂದು ಹಳ್ಳಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಎಂಬತ್ತು ದಾಟಿದ್ದ ತಾತ ಒಂದು ಬೆಳಿಗ್ಗೆ ಅಜ್ಜಿಯ ತಲೆ ಬಾಚಿ, ಜಡೆ ಹಾಕಿ, ಸ್ವಲ್ಪ ಮಲಗುತ್ತೇನೆ ಎಂದು ಮಲಗಿದವನು ಏಳಲಿಲ್ಲ.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಜ್ಜಿಯ ಪಕ್ಕ ಕೂತಿದ್ದೆ. ತಾತ ಈ ಮನೆಗೆ ಬಂದ ಮೇಲೆ ಜೈಲಿನಲ್ಲಿದ್ದ ಹಾಗೆ ಇದ್ದುಬಿಟ್ಟ ಅಲ್ಲವಾ ಅಜ್ಜಿ, ಒಂದು ದಿನವೂ ಹೊರಗೆ ಹೋಗಲಿಲ್ಲ ಎಂದೆ. ಅವಳು ಇಲ್ಲ ಎನ್ನುವಂತೆ ತಲೆಯಾಡಿಸಿದಳು.

"ಒಂದು ದಿನ ಓಗಿದ್ರು. ನಾನೇ ಕಳಿಸಿದ್ದೆ. ನಿನ್ನ ಇಸ್ಕೂಲ್‌ತಾವ. ಕಿಟಕಿತಾವ ನಿಂತಿದ್ರಂತೆ. ಮಗ ಪಾಠ ಮಾಡ್ತಿತ್ತು, ಕೂಗಕ್ಕೆ ಮನಸ್ಸು ಬರ್ಲಿಲ್ಲ ಅಂತ ಬಂದ್ಬುಟ್ರು. ಒಂದ್ ವಾರ ಅದೇ ಮಾತು."

ಯಾವಾಗ ಅಜ್ಜಿ ಎಂದು ಕೇಳಿದೆ. ಅವಳಿಗೆ ನೆನಪಿರಲಿಲ್ಲ. ಬ್ಯಾಸಿಗೆ ಇರ್ಬೇಕು ಎಂದಳು. ಅದಾದ ವರ್ಷ ತುಂಬುವುದರೊಳಗೆ ಅವಳೂ ಹೋದಳು.

ಈಗ ನಾನು ನಿವೃತ್ತಳಾಗಿದ್ದೇನೆ. ಆ ಶಾಲೆಯಲ್ಲಿ ನಾನಿದ್ದಷ್ಟು ವರ್ಷವೂ ತಾತ ಬಂದುಹೋದ ದಿನ ಯಾವುದಿರಬಹುದು ಎಂದು ನೆನಪಿಸಿಕೊಳ್ಳಲು ನೋಡಿದೆ. ಅವತ್ತು ನಾನು ಮಗ್ಗಿ ಹೇಳಿಸುತ್ತಿದ್ದೆನೋ, ಮಕ್ಕಳನ್ನು ಗದರುತ್ತಿದ್ದೆನೋ, ನಗುತ್ತಿದ್ದೆನೋ... ಬಹುಶಃ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಿರಬೇಕು. ಸ್ವಲ್ಪ ಕತ್ತು ಹೊರಳಿಸಿದ್ದರೆ ಕಾಣುತ್ತಿದ್ದ.