ಪೆಟ್ಟಿಗೆಯಲ್ಲೊಂದು ಗುಳಿ

ಬೇರೆಯವರ ಮನೆ, ಕಾರು, ಮಕ್ಕಳ ಮಾರ್ಕ್ಸು ಇವನ್ನೆಲ್ಲ ನೋಡಿದರೆ ನನಗೆ ಅಷ್ಟಾಗಿ ಹೊಟ್ಟೆ ಉರಿಯುವುದಿಲ್ಲ. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಅವನ್ನು ಸರಿಯಾಗಿ ಅಳೆಯಲು ನನಗೆ ಬರುವುದಿಲ್ಲ, ಅಷ್ಟೆ. ಆದರೆ ಗುರುಪ್ರಸಾದ ತನ್ನ ಟೂಲ್ ಬಾಕ್ಸಿನ ಎರಡು ಚಿಲಕಗಳನ್ನು ಎರಡು ಹೆಬ್ಬೆರಳಿನಿಂದ ಒಟ್ಟಿಗೆ ಎತ್ತಿದಾಗ 'ಟಕ್' ಎಂದು ಒಂದೇ ಒಂದು ಶಬ್ದ ಬರುತ್ತದಲ್ಲ, ಅದನ್ನು ಕೇಳಿದರೆ ಮಾತ್ರ ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ ಏನೋ ಹೊತ್ತಿಕೊಳ್ಳುತ್ತದೆ. ಎರಡು ಚಿಲಕ, ಒಂದು ಶಬ್ದ. ಒಬ್ಬ ಮನುಷ್ಯ ಸುಖವಾಗಿದ್ದಾನೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಹೊಟ್ಟೆಕಿಚ್ಚು ಎಂಬ ಮಾತನ್ನು ಮೊದಲು ಆಡಿದವರು ಖಂಡಿತ ಅನುಭವಸ್ಥರು. ಮತ್ಸರ, ಅಸೂಯೆ ಎಂದರೆ ಅದು ಮೈಯಲ್ಲಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಕನ್ನಡ ಜಾಗವನ್ನೂ ಹೇಳುತ್ತದೆ, ಕಾಯಿಲೆಯನ್ನೂ ಹೇಳುತ್ತದೆ, ಡಾಕ್ಟರ ಚೀಟಿಯ ಹಾಗೆ. ಅರಿಷಡ್ವರ್ಗಗಳಲ್ಲಿ ಮತ್ಸರಕ್ಕೆ ಕೊನೆಯ ಸ್ಥಾನ. ಕಾಮಕ್ರೋಧಗಳಿಗೆ ಕಾವ್ಯಗಳಲ್ಲಿ ಸಿಕ್ಕ ಮರ್ಯಾದೆ ಅದಕ್ಕೆ ಸಿಕ್ಕಿಲ್ಲ. ಮದುವೆಯ ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತು ಅರ್ಧ ಮುಖ ಕತ್ತರಿಸಿಹೋದ ನೆಂಟನ ಸ್ಥಿತಿ ಅದರದು. ಮುಂದೆ ನಿಂತ ಐವರನ್ನು ಕಂಡು ಅದಕ್ಕೇ ಹೊಟ್ಟೆ ಉರಿಯುತ್ತಿದ್ದರೆ ಆಶ್ಚರ್ಯವಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಾಲೇಜಿನ ಲ್ಯಾಬು, ಔಷಧಿ ಕಾರ್ಖಾನೆ, ಚಿನ್ನದಂಗಡಿಗಳಲ್ಲಿ ಗಾಜಿನ ಗೂಡಿನೊಳಗೆ ಕೂತಿರುವ ಸೂಕ್ಷ್ಮ ತಕ್ಕಡಿಗಳನ್ನು ನೋಡಿರುತ್ತೀರಿ. ಉಸಿರು ತಾಕಿದರೂ ಅಂಕಿ ಬದಲಾಯಿಸುವ ಮುಂಗೋಪಿಗಳು. ಅವುಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ನಾನೂ ಗುರುಪ್ರಸಾದನೂ ಎಂ.ಎಸ್ಸಿ.ಯಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಕಂಪನಿ. ಕಂಪನಿ ಬೆಂಗಳೂರಿನ ಆಫೀಸು ಮುಚ್ಚಿದ ಮೇಲೆ ಇಬ್ಬರೂ ಸ್ವಂತಕ್ಕೆ ಇಳಿದೆವು. ನಾನಿರುವುದು ಮತ್ತಿಕೆರೆ, ಅವನು ಕೊಡಿಗೇಹಳ್ಳಿ. ಕರೆ ಬಂದ ಕಡೆಗೆ, ತುಮಕೂರೋ ಗೌರಿಬಿದನೂರೋ ಚಿತ್ರದುರ್ಗವೋ, ಸಲಕರಣೆ ಹೊತ್ತುಕೊಂಡು ಹೋಗುತ್ತೇವೆ. ಈ ಊರಿನಲ್ಲಿ ಗುರುತಿಲ್ಲದವರನ್ನೂ 'ಗುರು' ಎಂದೇ ಕೂಗುವುದರಿಂದ ಬೆಂಗಳೂರೆಲ್ಲ ಅವನನ್ನು ಹೆಸರು ಹಿಡಿದು ಕರೆದಂತಾಗುತ್ತದೆ. ಅದರ ಮೇಲೂ ನನಗೆ ಸ್ವಲ್ಪ ಕಿಚ್ಚು ಇದೆ.

ಈ ನಡುವೆ ಹೆಬ್ಬಾಳದ ಕಡೆ ಆಹಾರ ಪರೀಕ್ಷೆಯ ಲ್ಯಾಬೊಂದು ತೆರೆಯಿತು. ಕೋಣೆಯ ತುಂಬ ತಕ್ಕಡಿಗಳು. ಅವನ್ನು ವರ್ಷವಿಡೀ ನೋಡಿಕೊಳ್ಳಲು ಒಬ್ಬರು ಬೇಕು, ಇಬ್ಬರೂ ಒಂದೇ ದಿನ ಬಂದು ಒಂದೊಂದು ತಕ್ಕಡಿ ಸರಿಮಾಡಿ ತೋರಿಸಿ ಎಂದು ಅಲ್ಲಿನ ಮ್ಯಾನೇಜರ್ ವೀಣಾ ಮೇಡಂ ನಮ್ಮಿಬ್ಬರಿಗೂ ಹೇಳಿಕಳಿಸಿದರು. ಆ ಕೆಲಸ ಸಿಕ್ಕರೆ ಬಸ್ಸಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕಬ್ಬಿಣ ಇಟ್ಟುಕೊಂಡು ಚಿತ್ರದುರ್ಗದವರೆಗೆ ಕುಲುಕುವುದು ತಪ್ಪುತ್ತದೆ. ನನಗಿಂತ ಹೆಚ್ಚಾಗಿ ನನ್ನ ಮಂಡಿಗಳು ಆ ಕೆಲಸಕ್ಕೆ ಆಸೆಪಟ್ಟಿದ್ದವು.

ತೊಂದರೆಯೆಂದರೆ ನನ್ನ ಬಳಿ ಪೆಟ್ಟಿಗೆಯೇ ಇರಲಿಲ್ಲ, ಒಂದು ರೆಕ್ಸಿನ್ ಚೀಲವಿತ್ತು. ಸ್ಕ್ರೂಡ್ರೈವರಿಗೆ ಕೈ ಹಾಕಿದರೆ ಮೊದಲು ಕರವಸ್ತ್ರ, ಆಮೇಲೆ ಬಸ್ ಟಿಕೆಟು, ಆಮೇಲೆ ಯಾವುದೋ ಕಾಲದ ಕೊಬ್ಬರಿ ಮಿಠಾಯಿ ಬರುತ್ತಿತ್ತು. ಗುರುಪ್ರಸಾದನ ಪೆಟ್ಟಿಗೆಯೊಳಗೆ ಕಪ್ಪು ಸ್ಪಂಜು, ಅದರಲ್ಲಿ ಒಂದೊಂದು ಟೂಲಿಗೂ ಅದರದೇ ಆಕಾರದ ಗುಳಿ. ಗಿರಾಕಿಗಳು ಅದನ್ನು ನೋಡಿದ ಕೂಡಲೇ ಅವನಿಗೆ ಕುರ್ಚಿ ಎಳೆಯುತ್ತಾರೆ. ಹಿಂದೆ ಊರೂರು ತಿರುಗಿ ಕೆಲಸ ಮಾಡುವವರ ಮಾನವೆಲ್ಲ ಅವರ ಚೀಲದಲ್ಲಿತ್ತು. ಕ್ಷೌರಿಕರ ಕತ್ತಿ, ಕತ್ತರಿ, ಕನ್ನಡಿಯ ಚೀಲಕ್ಕೆ ಹಡಪ ಎಂಬ ಚೆಂದದ ಹೆಸರಿತ್ತು. ಅರಮನೆಯಲ್ಲಿ ರಾಜನ ಎಲೆಯಡಿಕೆ ಹೊತ್ತು ನಿಲ್ಲುವವನ ಚೀಲಕ್ಕೂ ಅದೇ ಹೆಸರು. ನನ್ನ ರೆಕ್ಸಿನ್ ಚೀಲಕ್ಕೆ ಹೆಂಡತಿ ಶೈಲಜಾ ಇಟ್ಟ ಹೆಸರು 'ಅದು'. 'ಅದನ್ನ ಸೋಫಾ ಮೇಲೆ ಇಡಬೇಡಿ.'

ಹೊಸ ಪೆಟ್ಟಿಗೆ ಕೊಳ್ಳುವ ಮನಸ್ಸಾಗಲಿಲ್ಲ. ಯಶವಂತಪುರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಗಿರಾಕಿಗಳು ವಾಪಸು ಕೊಟ್ಟ, ಮೂಲೆ ಒಡೆದ, ಗೀರು ಬಿದ್ದ ಸಾಮಾನುಗಳನ್ನು ರಿಯಾಯಿತಿಯಲ್ಲಿ ಮಾರುವ ಅಂಗಡಿಯೊಂದಿದೆ. ಈರುಳ್ಳಿಗೆಂದು ಹೊರಟ ಶೈಲಜಾ ಜೊತೆ ನಾನೂ ಹೋದೆ. ಅಲ್ಲಿ ಕುಕ್ಕರುಗಳ ರಾಶಿಯ ಹಿಂದೆ ಅದು ಕೂತಿತ್ತು: ಅಲ್ಯುಮಿನಿಯಂ ಅಂಚಿನ ಕಪ್ಪು ಪೆಟ್ಟಿಗೆ. ಒಂದು ಚಿಲಕ ಇಲ್ಲ, ಒಂದು ಹಿಂಜಿನ ಕಡ್ಡಿ ಕಳಚಿಹೋಗಿದೆ, ಮುಚ್ಚಳ ಸೋತ ಮನುಷ್ಯನ ಭುಜದಂತೆ ಒಂದು ಕಡೆ ವಾಲಿದೆ. ಒಳಗೆ ಮಾತ್ರ ದಪ್ಪ ಸ್ಪಂಜು, ಅದರಲ್ಲಿ ಯಾರೋ ಆಗಲೇ ಕತ್ತರಿಸಿದ ಗುಳಿಗಳು. ಏರ್‌ಪೋರ್ಟ್ ಕಡೆಯ ಯಾರೋ ದೊಡ್ಡ ಇಂಜಿನಿಯರದು, ಫಾರಿನ್ನಿಗೆ ಹೋಗುವಾಗ ಕೊಟ್ಟುಹೋದರು ಎಂದು ಅಂಗಡಿಯವನು ಹೇಳಿದ. ಹೇಳುವಾಗ ಅವನು ಎಡಗೈಯಲ್ಲಿ ಕುಕ್ಕರಿನ ವಿಸಿಲ್ ತಿರುಗಿಸುತ್ತಿದ್ದುದು ಕೂಡ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮನೆಗೆ ತಂದು ರಿಪೇರಿಗೆ ಕೂತೆ. ಹಿಂಜಿಗೆ ಸೈಕಲ್ಲಿನ ಕಡ್ಡಿಯನ್ನು ಕತ್ತರಿಸಿ ಹಾಕಿದೆ. ಅದು ಸಲೀಸಾಗಿ ಕೂತಿತು. ಇಲ್ಲದ ಚಿಲಕಕ್ಕಾಗಿ ಅಟ್ಟ ಹತ್ತಿ, ನಮ್ಮ ಮದುವೆಯಲ್ಲಿ ಅತ್ತೆ ಕೊಟ್ಟಿದ್ದ ಸೂಟ್‌ಕೇಸಿನಿಂದ ಒಂದನ್ನು ಕಿತ್ತೆ. ಶೈಲಜಾ ಕೆಳಗಿನಿಂದಲೇ ಕೇಳಿದಳು, "ನಮ್ಮಮ್ಮ ಕೊಟ್ಟಿದ್ದೇ ಆಗ್ಬೇಕಿತ್ತಾ ಕೀಳೋಕೆ?" ಬೇರೆಯವರು ಏನೂ ಕೊಟ್ಟಿರಲಿಲ್ಲ ಎಂದೆ. ಆ ದಿನ ಸಾರಿಗೆ ಒಗ್ಗರಣೆ ಬೀಳಲಿಲ್ಲ. ರಿವೆಟ್ ಹೊಡೆದು ಕೂರಿಸಿದ ಚಿಲಕ ಸ್ವಲ್ಪ ಓರೆಯಾಗಿತ್ತು. ಒಂದು 'ಟಕ್' ಎಂದರೆ ಇನ್ನೊಂದು ಯೋಚಿಸಿ, ಗೊಣಗಿ, ಆಮೇಲೆ 'ಕಿರ್ರ್' ಎನ್ನುತ್ತಿತ್ತು. ಮೂವತ್ತು ವರ್ಷ ಒಟ್ಟಿಗಿದ್ದ ದಂಪತಿಗಳ ಹಾಗೆ.

ಆದರೆ ನನ್ನ ನೆಮ್ಮದಿ ಕೆಡಿಸಿದ್ದು ಚಿಲಕವಲ್ಲ, ಗುಳಿಗಳು. ಒಂದು ಬದಿಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ ಹೋಗುವ ದುಂಡು ಗುಳಿಗಳ ಸಾಲು. ನೋಡಿದ ಕೂಡಲೇ ಗೊತ್ತಾಯಿತು, ತೂಕದ ಬಟ್ಟುಗಳ ಜಾಗ. ಅಂದರೆ ಆ ಇಂಜಿನಿಯರೂ ನನ್ನ ಕಸುಬಿನವನೇ. ನನ್ನ ಬಟ್ಟುಗಳು ಮಾತ್ರ ಅವುಗಳಲ್ಲಿ, ಅಣ್ಣನ ಚಪ್ಪಲಿ ಹಾಕಿಕೊಂಡ ತಮ್ಮನ ಪಾದಗಳಂತೆ ಲೊಡಲೊಡ ಅನ್ನುತ್ತಿದ್ದವು. ಅವನ ಬಟ್ಟುಗಳು ನನ್ನವಕ್ಕಿಂತ ದೊಡ್ಡವು, ಹಾಗಾದರೆ ಅವನ ಗಿರಾಕಿಗಳೂ. ನಡುವೆ ಒಂದು ಉದ್ದನೆಯ ಸಪೂರ ಗುಳಿ. ಅದರ ಪಕ್ಕದಲ್ಲಿ, ಪಿಸ್ತೂಲಿನ ಆಕಾರದ, ಅಂಚು ಎಲ್ಲೂ ಹರಿಯದೆ ಬೆಣ್ಣೆಯಲ್ಲಿ ಕೊರೆದಂತಿದ್ದ ಇನ್ನೊಂದು ಗುಳಿ. ನನ್ನ ಯಾವ ಟೂಲೂ ಅದರಲ್ಲಿ ಕೂರಲಿಲ್ಲ. ಡ್ರಿಲ್ ಇಟ್ಟೆ, ಉದ್ದವಾಯಿತು. ಸೋಲ್ಡರಿಂಗ್ ಕಡ್ಡಿ ಇಟ್ಟೆ, ಕಳೆದುಹೋಯಿತು. ಇಡೀ ವೃತ್ತಿಜೀವನದಲ್ಲಿ ನಾನು ಕಾಣದ ಒಂದು ಸಾಧನವನ್ನು ಆ ಮನುಷ್ಯ ದಿನಾ ಹಿಡಿದುಕೊಂಡು ತಿರುಗಿದ್ದ.

ಗುರುಪ್ರಸಾದನ ಮೇಲಿನ ಹೊಟ್ಟೆಕಿಚ್ಚು ನನಗೆ ಹಳೆಯ ಕೋಟಿನಂತೆ ಒಗ್ಗಿಹೋಗಿತ್ತು. ಇದು ಹೊಸದು, ಚುಚ್ಚುತ್ತಿತ್ತು. ಕಂಡವರ ಮೇಲೆ ಕರುಬುವುದಕ್ಕೆ ಒಂದು ಮಿತಿಯಿದೆ. ಅವರಿಗೂ ನೆಗಡಿಯಾಗುತ್ತದೆ, ಅವರ ಬಸ್ಸೂ ತಪ್ಪುತ್ತದೆ. ಕಾಣದವನಿಗೆ ಯಾವ ಕೊರತೆಯೂ ಇಲ್ಲ. ಅವನಿಗೆ ನಾನೇ ತುಟಿಯ ಮೇಲೆ ತೆಳ್ಳನೆಯ ಮೀಸೆ ಕೊಟ್ಟೆ, ಇಸ್ತ್ರಿ ಮುರಿಯದ ಅಂಗಿ ಕೊಟ್ಟೆ, ಗಿರಾಕಿಗಳು ಎದ್ದು ನಿಲ್ಲುವಂತೆ ಮಾಡಿದೆ. ಮೂರು ವಾರದಲ್ಲಿ ಅವನು ನನ್ನ ಖರ್ಚಿನಲ್ಲೇ ನನಗಿಂತ ದೊಡ್ಡವನಾಗಿಬಿಟ್ಟ.

ಲ್ಯಾಬಿನ ದಿನ ಬಂತು. ಗುರುಪ್ರಸಾದ ಮೊದಲು ಪೆಟ್ಟಿಗೆ ತೆರೆದ. ಟಕ್. ವೀಣಾ ಮೇಡಂ ಅದರೊಳಗೆ ಇಣುಕಿ ಹುಬ್ಬೇರಿಸಿದರು. ನಾನು ಪಕ್ಕದ ಮೇಜಿನ ಮೇಲೆ ನನ್ನದನ್ನಿಟ್ಟು ಎರಡೂ ಹೆಬ್ಬೆರಳು ಎತ್ತಿದೆ. ಬಲಗಡೆಯದು ತೆರೆಯಿತು. ಅತ್ತೆ ಕೊಟ್ಟ ಚಿಲಕ ತೆರೆಯಲಿಲ್ಲ. ಎಳೆದೆ, ಒತ್ತಿದೆ, ಅಂಗೈಯಿಂದ ಗುದ್ದಿದೆ. ಒಂದು ಸ್ಕ್ರೂಡ್ರೈವರಿದ್ದರೆ ಕ್ಷಣದ ಕೆಲಸ. ಸ್ಕ್ರೂಡ್ರೈವರುಗಳೆಲ್ಲ ಪೆಟ್ಟಿಗೆಯೊಳಗೆ ಇದ್ದವು.

"ಬಿಡು ಮಗಾ, ನಾನ್ ನೋಡ್ತೀನಿ," ಎಂದು ಗುರುಪ್ರಸಾದ ತನ್ನ ಸ್ಪಂಜಿನಿಂದ ಒಂದನ್ನು ತೆಗೆದು, ನನ್ನ ಪೆಟ್ಟಿಗೆಯ ಮೇಲೆ ಬಗ್ಗಿ, ಮೆಲ್ಲಗೆ ಮೀಟಿದ. ಮುಚ್ಚಳ ಎದ್ದಿತು. ಅವನು ಒಳಗೆ ನೋಡುತ್ತ ಬಗ್ಗಿದವನು ಬಗ್ಗಿಯೇ ಇದ್ದ.

"ನಿಮ್ಮ ಬಾಕ್ಸ್ ರಿಪೇರಿ ಆಯ್ತಲ್ಲ ಸರ್," ಎಂದರು ಮೇಡಂ, "ಇನ್ನು ನಮ್ಮದು ನೋಡೋಣ್ವಾ?"

ನನ್ನ ತಕ್ಕಡಿಯನ್ನು ನಾನು ಚೆನ್ನಾಗಿಯೇ ಸರಿಮಾಡಿದೆ. ಮೇಡಂ ಕೂಡ ಚೆನ್ನಾಗಿದೆ ಎಂದರು. ಎರಡು ದಿನದ ಮೇಲೆ ಕೆಲಸ ಗುರುಪ್ರಸಾದನಿಗೆ ಎಂದು ಸುದ್ದಿ ಬಂತು. ಅವರು ಹತ್ತಿರದಲ್ಲಿದ್ದಾರೆ, ಕರೆದ ಕೂಡಲೇ ಬರುತ್ತಾರೆ ಎಂಬುದು ಕಾರಣ. ಮತ್ತಿಕೆರೆಯೇನು ಮಹಾರಾಷ್ಟ್ರದಲ್ಲಿದೆಯೇ ಎಂದು ಮನೆಯಲ್ಲಿ ಕೂಗಾಡಿದೆ. ಕಾರಣ ದೂರವೋ, ಚಿಲಕವೋ, ಅಥವಾ ಅವನು ನಿಜಕ್ಕೂ ನನಗಿಂತ ಒಳ್ಳೆಯ ಕೆಲಸಗಾರನೋ, ಮೂರನ್ನೂ ತೂಗುವ ತಕ್ಕಡಿ ನನ್ನ ಬಳಿ ಇಲ್ಲ. ಮೂರನೆಯದನ್ನು ತೂಗಲು ನಾನು ಹೋಗಲೂ ಇಲ್ಲ. ಮಂಡಿಗಳು ಮತ್ತೆ ಚಿತ್ರದುರ್ಗದ ಬಸ್ಸು ಹತ್ತಿದವು.

ಒಂದು ಭಾನುವಾರ ಅಬ್ಬಿಗೆರೆಯಿಂದ ನನ್ನ ನಾದಿನಿ ಪಲ್ಲವಿ ಬಂದಳು. ಪೆಟ್ಟಿಗೆ ಊಟದ ಮೇಜಿನ ಮೇಲೆ ತೆರೆದಿತ್ತು. ನೋಡಿದವಳು ಕೇಳಿದಳು:

"ಭಾವ, ಇದ್ಯಾಕೆ ಮೇಕಪ್ ಬಾಕ್ಸಿಗೆ ಸ್ಕ್ರೂಡ್ರೈವರ್ ತುಂಬಿದೀರಾ?"

ದುಂಡು ಗುಳಿಗಳು ಕ್ರೀಮಿನ ಡಬ್ಬಿಗಳಿಗೆ, ಸಪೂರದ್ದು ಕೂದಲು ಸುರುಳಿ ಮಾಡುವ ಕಡ್ಡಿಗೆ, ಪಿಸ್ತೂಲು ಹೇರ್ ಡ್ರೈಯರಿಗೆ. ಅವಳು ಬೆರಳಿಟ್ಟು ಒಂದೊಂದನ್ನೂ ಹೇಳುತ್ತ ಹೋದಳು. ನನ್ನ ತಲೆಯ ಮೇಲೆ ಒಣಗಿಸಬೇಕಾದ್ದು ಏನೂ ಉಳಿಯದೆ ಎಷ್ಟೋ ವರ್ಷವಾಯಿತು. ಆ ಯಂತ್ರ ನನಗೆ ಹೊಳೆಯದೆ ಹೋದದ್ದು ಸಹಜ. "ನನ್ ಮದ್ವೇಲಿ ಮೇಕಪ್‌ನವ್ರು ಇಂಥದ್ದೇ ತಂದಿದ್ರಲ್ಲ," ಎಂದಳು. "ಛತ್ರದ ಮೆಟ್ಲು ಹತ್ತಿ ನೀವೇ ತಂದ್ಕೊಟ್ರಿ. ಏನಮ್ಮಾ ಇಷ್ಟ್ ಭಾರ, ಒಳಗೆ ಕಲ್ಲಿಟ್ಟಿದೀರಾ ಅಂತ ಅವ್ರನ್ನ ಕೇಳಿದ್ರಿ." ನನಗೆ ಇದು ಒಂದಿಷ್ಟೂ ನೆನಪಿಲ್ಲ.

ಹಾಗಾದರೆ ಅಂಗಡಿಯವನು ಏರ್‌ಪೋರ್ಟಿನ ಇಂಜಿನಿಯರ್ ಎಂದದ್ದು? ಶೈಲಜಾ ಅವರೆಕಾಯಿ ಸುಲಿಯುತ್ತ ತಲೆಯೆತ್ತಲಿಲ್ಲ. "ಅವ್ರು ಏನೂ ಹೇಳ್ಲಿಲ್ಲ ಕಣ್ರೀ. ಫೋನಲ್ಲಿ ಮಾತಾಡ್ತಿದ್ರು. ನೀವೇ ಯಾರೋ ಇಂಜಿನಿಯರ್‌ದು ಇರ್ಬೇಕು ಅಲ್ವಾ ಅಂದ್ರಿ, ಅವ್ರು ಹ್ಞೂಂ ಅಂದ್ರು. ಅದೂ ಫೋನಿಗೆ ಅಂದಿದ್ದು."

ಯಾವ ಅಳತೆಯನ್ನೂ ಅದರ ದೋಷದ ಅಂದಾಜಿಲ್ಲದೆ ಬರೆಯಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ದೇವರು, ಜಾತಕ, ಪತ್ರಿಕೆಯ ಸುದ್ದಿ ಎಲ್ಲಕ್ಕೂ ಆ ಅಂದಾಜು ಹಚ್ಚುತ್ತ ಬಂದವನು ನಾನು. ಹೊತ್ತು ತಂದ ಪೆಟ್ಟಿಗೆಯನ್ನು ಮರೆತು, ಹೇಳದ ಮಾತನ್ನು ಕುಕ್ಕರಿನ ವಿಸಿಲ್ ಸಮೇತ ನೆನಪಿಟ್ಟುಕೊಂಡ ತಲೆಗೆ ಎಷ್ಟು ದೋಷ ಬರೆಯಬೇಕೋ ತಿಳಿಯಲಿಲ್ಲ. ವಿಸಿಲಾದರೂ ಇತ್ತೇ ಎಂದು ಶೈಲಜಾಳನ್ನು ಕೇಳುವ ಧೈರ್ಯ ಬರಲಿಲ್ಲ.

ಇಷ್ಟಾದ ಮೇಲೆ ಕಿಚ್ಚು ಆರಬೇಕಿತ್ತು. ಆರಲಿಲ್ಲ, ವಿಳಾಸ ಬದಲಾಯಿಸಿತು. ಮೀಸೆಯ ಇಂಜಿನಿಯರ್ ಹೋದ ಜಾಗದಲ್ಲಿ ಆ ಹೆಸರಿಲ್ಲದ ಮೇಕಪ್ಪಿನ ಹೆಣ್ಣುಮಗಳು ಬಂದು ಕೂತಳು. ಅವಳ ಕೆಲಸ ಮುಗಿದ ಮೇಲೆ ಗಿರಾಕಿ ಕನ್ನಡಿ ನೋಡಿ ನಗುತ್ತಾಳೆ, ನೆಂಟರೆಲ್ಲ ಫೋಟೋಕ್ಕೆ ನುಗ್ಗುತ್ತಾರೆ. ನನ್ನ ಕೆಲಸ ಅತ್ಯಂತ ಚೆನ್ನಾಗಿ ಆದಾಗ ತಕ್ಕಡಿ ಸೊನ್ನೆ ತೋರಿಸುತ್ತದೆ.

ಆ ವಾರವೇ ಗುರುಪ್ರಸಾದನ ಫೋನ್ ಬಂತು. ಲ್ಯಾಬಿನ ಕೆಲಸದ ಬಗ್ಗೆ ಅದೂ ಇದೂ ಮಾತಾಡಿ ಅವನು ದನಿ ತಗ್ಗಿಸಿದ.

"ಮಗಾ, ಒಂದ್ ಮಾತ್ ಕೇಳ್ತೀನಿ, ನಿಜ ಹೇಳ್ಬೇಕು. ನಿನ್ ಬಾಕ್ಸಲ್ಲಿ ಪಿಸ್ತೂಲ್ ಥರ ಒಂದ್ ಗುಳಿ ಇತ್ತಲ್ಲ, ಅದ್ಯಾವ ಟೂಲ್‌ದು?"

ಅವನೇ ಮುಂದುವರಿಸಿದ. "ಖಾಲಿ ಇತ್ತು. ನಾನ್ ನೋಡ್ಬಾರ್ದು ಅಂತ ಮನೇಲಿ ಬಿಟ್ಬಂದಿದೀಯ ಅಂತ ಅವತ್ತೇ ಗೊತ್ತಾಯ್ತು ಕಣೋ. ಎಲ್ಲಾ ಕಂಪ್ನಿ ಕ್ಯಾಟಲಾಗೂ ಹುಡುಕ್ಬಿಟ್ಟೆ. ಎಲ್ಲೂ ಇಲ್ಲ. ಎಲ್ ಸಿಗುತ್ತೆ ಅಷ್ಟ್ ಹೇಳು ಸಾಕು."

ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ, ಎಷ್ಟೋ ತಿಂಗಳ ನಂತರ, ಮಜ್ಜಿಗೆ ಕುಡಿದ ಹಾಗೆ ತಣ್ಣಗಾಯಿತು. ವರ್ಷವಿಡೀ ನಡೆಯುವ ಕೆಲಸ ಗೆದ್ದುಕೊಂಡವನು, ಎರಡು ಚಿಲಕಕ್ಕೆ ಒಂದೇ ಶಬ್ದ ಬರಿಸುವವನು, ನನ್ನ ರಿಯಾಯಿತಿ ಪೆಟ್ಟಿಗೆಯ ಒಂದು ಖಾಲಿ ಜಾಗಕ್ಕಾಗಿ ಬೇಯುತ್ತಿದ್ದ. ಇದ್ದ ವಸ್ತುಗಳಿಗೆ ಬೆಲೆಯಿದೆ, ಕ್ಯಾಟಲಾಗಿದೆ. ಗುಳಿಯಲ್ಲಿ ಮಾತ್ರ ನೋಡಿದವನು ತನಗೆ ಏನಿಲ್ಲವೋ ಅದನ್ನೇ ಇಟ್ಟು ನೋಡುತ್ತಾನೆ.

ಪಾಪ ಅನ್ನಿಸಿ, ಅದು ಹೇರ್ ಡ್ರೈಯರಿನ ಜಾಗ ಎಂದು ಅವನಿಗೆ ಆಗಲೇ ಹೇಳಿಬಿಟ್ಟೆ. ಇಬ್ಬರೂ ನಕ್ಕೆವು. ಇದು ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ನನ್ನ ಸ್ಪಷ್ಟ ನೆನಪುಗಳ ವಿಷಯ ನಿಮಗೆ ಈಗ ಗೊತ್ತಿರುವುದರಿಂದ ಹೆಚ್ಚು ಒತ್ತಾಯ ಮಾಡುವುದಿಲ್ಲ. ಯಾಕೆಂದರೆ ಮೊನ್ನೆ ತುಮಕೂರಿನ ಬಸ್ಸಿನಲ್ಲಿ, ಹಳೆಯ ಗಿರಾಕಿಯೊಬ್ಬರ ಕರೆಗೆ ಹೊರಟಿದ್ದ ಅವನೇ ಸಿಕ್ಕಿದ್ದ. ತೊಡೆಯ ಮೇಲಿನ ಪೆಟ್ಟಿಗೆಯನ್ನು 'ಟಕ್' ಎಂದು ತೆರೆದು, ನಾನು ನೋಡಲಿ ಎಂದೇ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟ. ಟೂಲುಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, ನಡುವೆ ಹೊಸದಾಗಿ ಪಿಸ್ತೂಲಿನ ಆಕಾರದ ಒಂದು ಗುಳಿ ಕೊರೆಸಿದ್ದ. ಒಳಗೆ ಏನೂ ಇರಲಿಲ್ಲ.

ಅದು ನನ್ನದಕ್ಕಿಂತ ನೀಟಾಗಿತ್ತು.