ಅಂಕಿತವಿಲ್ಲದ ಪದ

ಇದು ಅಫಜಲಪುರ ತಾಲೂಕಿನ ಅತನೂರಲ್ಲಿ ನಡೆದದ್ದೋ, ಜೇವರ್ಗಿ ದಾಟಿದ ಮೇಲಿನ ಯಾವುದೋ ಊರಲ್ಲೋ, ಖಚಿತವಾಗಿ ಹೇಳಲಾರೆ. ಆ ವಾರ ನಾನೂ ನನ್ನ ಗೆಳೆಯನೂ ಒಂದೆಡೆ ಕೂತದ್ದೇ ಕಡಿಮೆ. ಬೆಳಿಗ್ಗೆ ಆಳಂದದಲ್ಲಿ ಸುಸಲಾ ತಿಂದರೆ ಮಧ್ಯಾಹ್ನ ಇನ್ನೆಲ್ಲೋ. ನೆನಪನ್ನು ಅನುಮಾನಿಸಲು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನದರ ಮೇಲಂತೂ ನಂಬಿಕೆಯೇ ಇಲ್ಲ.

ಗೆಳೆಯ ರಾಕ್ ಹಾಡುಗಾರ. ತಾನೇ ಬರೆದು, ತಾನೇ ಹಾಡಿ, ಗಿಟಾರ್ ಕಿರುಚಿಸಿ ಎರಡು ಆಲ್ಬಂ ಮಾಡಿದ್ದ. ಮೂರನೆಯದು ಹಳ್ಳಿ ಭಜನೆಯ ಧಾಟಿಯಲ್ಲೇ ಇರಬೇಕೆಂದು ಹಟ ಹಿಡಿದ. ಪದಗಳು ಅವನವೇ, ಹಿಮ್ಮೇಳಕ್ಕೆ ಮಾತ್ರ ನಿಜವಾದ ಭಜನಾ ಮೇಳ ಬೇಕು. ಮೈಕು, ವೈರು ನನ್ನ ಪಾಲಿಗೆ. ಕೇಳಿದ ಮೇಳಗಳೆಲ್ಲ ಒಲ್ಲೆ ಎಂದಿದ್ದವು. ಉಳಿದದ್ದು ಈ ಊರಿನ ಮೇಳವೊಂದೇ, ಇದೂ ಕೈಬಿಟ್ಟರೆ ಆಲ್ಬಂ ಇಲ್ಲ.

ಚೀಲಗಳಿದ್ದರೆ ಪ್ರತಿಧ್ವನಿ ಕಡಿಮೆ ಎಂದು ತೊಗರಿ ಗೋದಾಮಿನಲ್ಲಿ ಕೂತಿದ್ದೆವು. ಬಸ್ಸು ತಪ್ಪಿಸಿಕೊಂಡವನೊಬ್ಬನ ಮೇಲೆ ತಾನು ಕಟ್ಟಿದ ಪದವನ್ನು ಗೆಳೆಯ ಹಾಡಿದ. ಹಾರ್ಮೋನಿಯಂ ಹಿಡಿದಿದ್ದ ಹಿರಿಯರು ಕಾದರು.

"ಮುಂದರಿ?"

"ಮುಗೀತ್ರಿ."

"ಮತ್ತ ಅಂಕಿತ ಎಲ್ಲದ?"

ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಬಾರದ ಪದವನ್ನು ಅವರು ಹಾಡುವುದಿಲ್ಲ. ಮೊದಲಿನವರು ಎದ್ದುಹೋದದ್ದೂ ಇದಕ್ಕೇ.

"ನನಗ ಗುರು ಯಾರೂ ಇಲ್ರಿ. ಪದ ನಂದು."

"ಗುರು ಇಲ್ದವಗ ಹೆಣ್ಣರ ಯಾರ್ ಕೊಡ್ತಾರಲೇ!" ತಾಳ ಹಾಕುವ ಹೆಂಗಸು ನಕ್ಕಳು.

"ನನ್ನ ಹೆಸರೇ ಹಾಕಿದ್ರ?"

"ತನ್ನ ಹೆಸರು ತಾನೇ ಹಾಕ್ಕೊಂಡ್ರ ಅದು ಪದ ಅಲ್ಲಪಾ," ಎಂದರು ಹಿರಿಯರು, "ಎಲೆಕ್ಷನ್ ಬ್ಯಾನರ್!"

ಅವನು ಹೊರಗೆ ಹೋಗಿ ಬಿಸಿಲಲ್ಲಿ ಅತ್ತಿಂದಿತ್ತ ತಿರುಗತೊಡಗಿದ. ನಾನೂ ಹಿಂದೆ ಹೋದೆ. "ನಂಬದ ಹೆಸರು ಬಾಯಾಗ ಹೆಂಗ ತರ್ಲಿ? ಇಲ್ಲೀತನಕ ಬರೆದದ್ದೆಲ್ಲಾ ಸುಳ್ಳಾಗ್ತದಲೇ," ಎಂದ. ತರ್ಕ ಸರಿಯಿತ್ತು. ಆದರೆ ನನಗೆ ಆ ಪದ ಬೇಕಿತ್ತು, ಅವನಿಗೂ.

ಕೊನೆಗೆ ಹಿರಿಯರೇ ಬಾಗಿಲಿಗೆ ಬಂದರು. "ನೀವ್ ನಿಮ್ಮದು ಹಾಡ್ರಿ. ಕಡೀಗಿ ನಮ್ಮ ಗುರುವಿನ ಹೆಸರು ನಾವೇ ಸೇರಸ್ತೇವಿ. ನೀವ್ ಸುಮ್ನಿದ್ರಾತು. ಅಷ್ಟರ ಬರ್ತದೋ ಇಲ್ಲೋ?"

ಒಪ್ಪಿದ. ಹೆಸರಿರುವ ಸಾಲನ್ನು ಹಿರಿಯರು ಒಮ್ಮೆ ಹೇಳಿ ತೋರಿಸಿದರು, ಆಮೇಲೆ ಎಲ್ಲರೂ ಸೇರಿ ಹಾಡಿದರು. ಕೊನೆಯ ನುಡಿ ಬರುವಾಗ ನನ್ನ ಕಣ್ಣು ರೆಕಾರ್ಡರಿನ ಮೀಟರಿನ ಮೇಲಿತ್ತು. ತಲೆ ಎತ್ತಿದಾಗ ಅವನ ತುಟಿ ಅಲುಗಿದಂತೆ ಕಂಡಿತು. ಅಥವಾ ಹಾಗೆ ಕಾಣಲಿ ಎಂದು ನಾನೇ ಬಯಸಿದ್ದೆನೋ.

"ಬಾಯಿ ಮುಚ್ಚಿದ್ದೆ, ನೋಡಿದ್ಯಲ್ಲ?" ಎಂದು ಕಾರು ಹತ್ತುವಾಗ ಕೇಳಿದ. ಹೂಂ ಎಂದೆ. ಆಲ್ಬಂ ಬಂದ ಮೇಲೆ ಎಲ್ಲರಿಗೂ ಅದನ್ನೇ ಹೇಳುತ್ತ ಬಂದ. ಪ್ರತಿ ಸಲ ಹೇಳಿದಾಗಲೂ ಆ ಮೌನ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಅಂದು ಗೋದಾಮಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಮೈಕು ಇಟ್ಟಿದ್ದೆ. ಕಳೆದ ತಿಂಗಳು ಉಳಿದವರ ದನಿಗಳನ್ನೆಲ್ಲ ಮುಚ್ಚಿ, ಅವನದೊಂದನ್ನೇ ಕೇಳಿದೆ. ಕೊನೆಯ ನುಡಿಯಲ್ಲಿ ಗಿಟಾರ್ ನಿಂತಿದೆ. ಗುರುವಿನ ಹೆಸರನ್ನು ಅವನು ಹಾಡಿದ್ದಾನೆ, ಮೇಳಕ್ಕಿಂತ ಒಂದು ಗಳಿಗೆ ಮೊದಲೇ.